ಇಪ್ಪತ್ತನಾಲ್ಕು ಬಾಗಿಲುಗಳ ಪರೀಕ್ಷೆ

ಕುಚಿಂಗ್
12 ಫೆಬ್ರವರಿ 2007

ಪ್ರಿಯ ಗಾವಿಂಗ್ ಅವರಿಗೆ,

ಎರಡು ವರ್ಷದಿಂದ ಕಾಯುತ್ತಿದ್ದದ್ದು ಬಂತು. ಆರೋಗ್ಯ ಸಚಿವಾಲಯದ ಸಂಶೋಧನಾ ಸಮಿತಿ ನಮ್ಮ ಪೂರ್ವ ಅಧ್ಯಯನಕ್ಕೆ ಅನುದಾನ ಕೊಟ್ಟಿದೆ. ಬಹಳ ಹಿಗ್ಗಬೇಡಿ. ನಿಮ್ಮ ದೋಣಿಗೆ ಪೆಟ್ರೋಲು, ಬಿ.ಪಿ. ನೋಡುವ ಎರಡು ಯಂತ್ರ, ಆರು ತಿಂಗಳಿಗಾಗುವಷ್ಟು ಮಾತ್ರೆ, ಅಷ್ಟಕ್ಕೆ ಸರಿಹೋಗುತ್ತದೆ. ನನಗೊಂದು ಕುರ್ಚಿ ಕೇಳಿದ್ದೆ, ಅದನ್ನು ಹೊಡೆದುಹಾಕಿದ್ದಾರೆ.

ಹೊಸ ಮಾತ್ರೆ ಕೆಲಸ ಮಾಡುತ್ತದೋ ಇಲ್ಲವೋ ಎಂಬುದು ಈಗಿನ ಪ್ರಶ್ನೆಯಲ್ಲ. ಅದು ಮುಂದಿನ ದೊಡ್ಡ ಪರೀಕ್ಷೆಯ ಕೆಲಸ. ಅಂಥ ಪರೀಕ್ಷೆಯನ್ನು ಮೇಲ್ಹೊಳೆಯ ಉದ್ದಮನೆಗಳಲ್ಲಿ, ಒಂದೇ ಸೂರಿನಡಿ ಹತ್ತಾರು ಸಂಸಾರ ಬಾಳುವ ಕಡೆ, ನಡೆಸಲು ಸಾಧ್ಯವೇ ಎಂಬುದಷ್ಟೇ ಸಮಿತಿಗೆ ಈಗ ಬೇಕು. ಜನ ಒಪ್ಪುತ್ತಾರೆಯೇ? ಚೀಟಿ ಎತ್ತಿದಾಗ ಬಂದ ಮಾತ್ರೆಯನ್ನೇ ನುಂಗುತ್ತಾರೆಯೇ? ಪ್ರತಿ ತಿಂಗಳು ತಪ್ಪದೆ ತೋಳು ಚಾಚುತ್ತಾರೆಯೇ? ಸಾಧ್ಯ ಎಂದಾದರೆ ದೊಡ್ಡ ಪರೀಕ್ಷೆ ನಿಮ್ಮ ಹೊಳೆಗೇ ಬರುತ್ತದೆ. ಅದು ಗೆದ್ದರೆ ಬಿ.ಪಿ.ಗೆ ಮೂರು ಬಗೆ ಮಾತ್ರೆಯ ಬದಲು ದಿನಕ್ಕೊಂದೇ ಮಾತ್ರೆ, ಎಲ್ಲ ಹೊಳೆ ಕ್ಲಿನಿಕ್ಕುಗಳಿಗೂ. ಇಲ್ಲವಾದರೆ ಎಂದಿನಂತೆ ಪೇಟೆಯವರ ಮೇಲೆ ಪರೀಕ್ಷೆ, ಪೇಟೆಯವರಿಗೇ ಮಾತ್ರೆ.

ನಿಮ್ಮ ಸ್ವಂತ ಉದ್ದಮನೆ, ರುಮಾ ಉಂತಿಂಗನ್ನೇ ಆರಿಸಿದ್ದೇನೆ. ಅಲ್ಲಿಯವರು ಹುಟ್ಟಿದಾರಭ್ಯ ನಿಮ್ಮನ್ನು ಬಲ್ಲವರು. ಇಪ್ಪತ್ತನಾಲ್ಕು ಬಾಗಿಲು, ಅಂದರೆ ಇಪ್ಪತ್ತನಾಲ್ಕು ಸಂಸಾರ, ಬಾಗಿಲಿಗೊಂದು ಚೀಟಿ. ಅರ್ಧದಷ್ಟು ಬಾಗಿಲಿನವರಿಗೆ ಹೊಸ ಮಾತ್ರೆ, ಉಳಿದವರಿಗೆ ಕ್ಲಿನಿಕ್ಕಿನಿಂದ ಈಗ ಕೊಡುತ್ತಿರುವ ಹಳೆಯವೇ. ಎಲ್ಲವೂ ಬಹಿರಂಗವಾಗಿ ನಡೆಯಲಿ. ಮನೆಯುದ್ದಕ್ಕೂ ಇರುವ ಜಗಲಿಯಲ್ಲಿ ಎಲ್ಲರ ಮುಂದೆ ಡಬ್ಬಿ ಬಿಚ್ಚಿ ತೋರಿಸಿ, ಯಾರಿಗೂ ಗುಟ್ಟು ಅನ್ನಿಸಬಾರದು. ಹೊಸ ಮಾತ್ರೆಯವರು ಹಳೆಯದನ್ನು ಮುಟ್ಟಲೇಬಾರದೆಂದು ಬಿಗಿಯಾಗಿ ಹೇಳಿ.

ಪತ್ರದಲ್ಲೇ ಬರೆಯಿರಿ. ನಿಮ್ಮ ಕ್ಲಿನಿಕ್ಕಿನ ರೇಡಿಯೋದಲ್ಲಿ ಮಾತಾಡಿದರೆ ಇಡೀ ಹೊಳೆಗೆ ಕೇಳುತ್ತದೆ.

ಇಂತಿ,
ತಿಯೋಂಗ್ ಸಿಯು ಪಿಂಗ್


ಮೆಲುವಾಂಗ್ ಹೊಳೆ ಕ್ಲಿನಿಕ್, ಕಪಿತ್ ಜಿಲ್ಲೆ
5 ಮಾರ್ಚ್ 2007

ಡಾಕ್ಟರಮ್ಮನವರಿಗೆ ಗಾವಿಂಗ್ ಮಾಡುವ ವಂದನೆಗಳು.

ಸಭೆ ಆಯಿತು. ನೀವು ಹೇಳಿಕೊಟ್ಟದ್ದನ್ನೆಲ್ಲ ಒಂದೂ ಬಿಡದೆ ಒಪ್ಪಿಸಿದೆ. ನಮ್ಮ ಉದ್ದಮನೆಯ ಯಜಮಾನ ಉಂತಿಂಗ್ ಅಜ್ಜ ಕೊನೆಯವರೆಗೆ ಕೇಳಿ ಹೀಗಂದರು: "ಅಂದ್ರೆ ಸರ್ಕಾರ ಮಾತ್ರೆ ಕೊಡೋದು ಕಾಯಿಲೆ ವಾಸಿ ಆಗ್ತದಾ ಅಂತ ನೋಡೋಕಲ್ಲ. ನಾವು ಹೇಳಿದ ಮಾತು ಕೇಳ್ತೀವಾ ಅಂತ ನೋಡೋಕೆ. ಅದಕ್ಕೆ ಇಷ್ಟು ದೂರ ಯಾಕೆ ಬರ್ಬೇಕಿತ್ತು, ನಮ್ಮನೆಯವಳನ್ನ ಕೇಳಿದ್ರೆ ಒಂದೇ ಮಾತಲ್ಲಿ ಹೇಳ್ತಿದ್ಲು." ಜಗಲಿಯ ಈ ತುದಿಯಿಂದ ಆ ತುದಿಯವರೆಗೆ ನಕ್ಕರು. ನಕ್ಕ ಮೇಲೆ ಎಲ್ಲರೂ ಹೆಬ್ಬೆಟ್ಟು ಒತ್ತಿದರು. ಒಪ್ಪದವರು ಒಬ್ಬರೂ ಇಲ್ಲ.

ಡಬ್ಬಿ ಬಿಚ್ಚಿ ಚಾಪೆಯ ಮೇಲೆ ಇಟ್ಟಾಗ ಪ್ರತಿಯೊಬ್ಬರೂ ಬಂದು ಬೆರಳು ತಾಗಿಸಿ ಹೋದರು. ಕಣ್ಣೆದುರು ತೆರೆದಿಟ್ಟ ತಿನಿಸನ್ನು ಮುಟ್ಟಿಯಾದರೂ ಹೋಗದಿದ್ದರೆ ದಾರಿಯಲ್ಲಿ ಹಾವು ಕಚ್ಚುತ್ತದೆ, ಇಲ್ಲವೆ ಮೊಸಳೆ ಹಿಡಿಯುತ್ತದೆ ಎಂದು ನಮ್ಮವರ ನಂಬಿಕೆ. ಮಾತ್ರೆ ತಿನಿಸೋ ಅಲ್ಲವೋ ಎಂದು ಹಿರಿಯರಲ್ಲಿ ಸ್ವಲ್ಪ ಚರ್ಚೆಯಾಯಿತು. ಬಾಯಿಗೆ ಹೋಗುವುದೆಲ್ಲ ತಿನಿಸೇ ಎಂದು ತೀರ್ಮಾನವಾಯಿತು. ಮುಟ್ಟಿದ್ದಷ್ಟೇ, ಯಾರೂ ಎತ್ತಿಕೊಳ್ಳಲಿಲ್ಲ.

ನಮ್ಮ ಅಮ್ಮನ ಬಾಗಿಲಿಗೆ ಹೊಸ ಮಾತ್ರೆಯ ಚೀಟಿ ಬಂತು. ಸುಳ್ಳು ಯಾಕೆ ಹೇಳಲಿ, ನನಗೆ ಒಳಗೊಳಗೇ ಖುಷಿಯಾಯಿತು. ನನ್ನ ಅಪ್ಪ ಗುಡ್ಡದ ಗದ್ದೆಯಲ್ಲಿ ಬಿತ್ತನೆಯ ದಿನವೇ ಲಕ್ವ ಹೊಡೆದು ಬಿದ್ದವರು. ದೋಣಿಯಲ್ಲಿ ಕಪಿತ್ ಆಸ್ಪತ್ರೆ ಮುಟ್ಟುವ ಮೊದಲೇ ಹೋದರು. ಅಮ್ಮನ ಬಿ.ಪಿ. ಅಪ್ಪನದಕ್ಕಿಂತ ಜಾಸ್ತಿ ಇದೆ. ಅವಳೂ ಹಾಗೆ ಬೀಳಬಾರದು ಎಂಬುದೊಂದೇ ನನ್ನ ಆಸೆ.

ತಮ್ಮ ವಿಶ್ವಾಸಿ,
ಗಾವಿಂಗ್


ಕುಚಿಂಗ್
20 ಏಪ್ರಿಲ್ 2007

ಪ್ರಿಯ ಗಾವಿಂಗ್,

ಮೊದಲ ತಿಂಗಳ ಲೆಕ್ಕ ಬಂತು. ಎಲ್ಲರೂ ತೋಳು ಚಾಚಿದ್ದಾರೆ, ಎಲ್ಲ ಮಾತ್ರೆ ಹಾಳೆಗಳೂ ಖಾಲಿಯಾಗಿ ವಾಪಸ್ ಬಂದಿವೆ. ಇಲ್ಲಿ ಪೇಟೆಯ ರೋಗಿಗಳು ಅರ್ಧದಷ್ಟು ಮಾತ್ರೆಗಳನ್ನು ಮರೆತುಬಿಡುತ್ತಾರೆ, ತಪ್ಪನ್ನು ಸೊಸೆಯ ಮೇಲೆ ಹಾಕುತ್ತಾರೆ. ನಿಮ್ಮವರು ಒಂದನ್ನೂ ಬಿಟ್ಟಿಲ್ಲ.

ಸಮಿತಿಯ ಕಾರ್ಯದರ್ಶಿಗೆ ಫೋನಿನಲ್ಲಿ ಹೇಳಿದೆ. ಆತ, "ನಂಬಬಹುದಾ ಡಾಕ್ಟರ್?" ಎಂದ. ಕಣ್ಣು ಮುಚ್ಚಿಕೊಂಡು ನಂಬಿ ಎಂದೆ. ಮೇಲ್ಹೊಳೆಯವರ ಬಗ್ಗೆ ಇಲ್ಲಿ ಎಂಥೆಂಥ ಮಾತು ಕೇಳಿದ್ದೇನೆಂದು ನಿಮಗೆ ಹೇಳುವುದಿಲ್ಲ. ಅವರೆಲ್ಲರ ಬಾಯಿ ಮುಚ್ಚಿಸುವ ಕಾಲ ಬಂದಿದೆ.

ತಾಯಿಯವರಿಗೆ ನನ್ನ ನಮಸ್ಕಾರ ತಿಳಿಸಿ.

ಸಿಯು ಪಿಂಗ್


ಮೆಲುವಾಂಗ್ ಹೊಳೆ ಕ್ಲಿನಿಕ್
28 ಮೇ 2007

ಡಾಕ್ಟರಮ್ಮನವರಿಗೆ ವಂದನೆಗಳು.

ಸುಗ್ಗಿ ಹಬ್ಬಕ್ಕೆ ಎಲ್ಲರೂ ಊರಿಗೆ ಬರುತ್ತಿದ್ದಾರೆ. ಅಕ್ಕಿಯ ಕಳ್ಳು ಈ ಸಲ ಚೆನ್ನಾಗಿ ಬಂದಿದೆ. ನೀವೂ ಬಂದಿದ್ದರೆ ಉಂತಿಂಗ್ ಅಜ್ಜ ನಿಮ್ಮನ್ನು ಕುಣಿಸದೆ ಬಿಡುತ್ತಿರಲಿಲ್ಲ. ಕಾಲರಾ ಬಂದ ವರ್ಷ ನೀವು ಕುಣಿದದ್ದನ್ನು ಇವತ್ತಿಗೂ ಮಾಡಿ ತೋರಿಸುತ್ತಾರೆ.

ಎರಡನೆಯ, ಮೂರನೆಯ ತಿಂಗಳ ಲೆಕ್ಕ ಇದರೊಂದಿಗಿದೆ. ಎಲ್ಲ ಸರಿಯಾಗಿಯೇ ನಡೆಯುತ್ತಿದೆ. ಒಂದು ಸಣ್ಣ ಪ್ರಶ್ನೆ. ಪ್ರತಿ ಬಾಗಿಲಿಗೂ ಹೊಸ ಮಾತ್ರೆಯನ್ನೇ ಕೊಡಲು ಆಗುವುದಿಲ್ಲವೇ? ಅನುದಾನದಲ್ಲಿ ಏನಾದರೂ ಉಳಿದಿದ್ದರೆ ನೋಡಿ. ಸುಮ್ಮನೆ ಕೇಳಿದೆ.

ಅಮ್ಮನಿಗೆ ಆಗಾಗ ತಲೆನೋವು ಬರುತ್ತಿದೆ. ಹಬ್ಬದ ಓಡಾಟ ಇರಬೇಕು.

ಗಾವಿಂಗ್


ಕುಚಿಂಗ್
22 ಜೂನ್ 2007

ಶ್ರೀ ಗಾವಿಂಗ್ ಅವರಿಗೆ,

ಮೂರು ತಿಂಗಳ ಅಂಕಿಗಳನ್ನು ನಮ್ಮ ಲೆಕ್ಕ ವಿಭಾಗದವರು ನೋಡಿದರು. ಹೊಸ ಮಾತ್ರೆಯವರ ಬಿ.ಪಿ. ಎಷ್ಟು ಇಳಿದಿದೆಯೋ ಹಳೆ ಮಾತ್ರೆಯವರದೂ ಅಷ್ಟೇ ಇಳಿದಿದೆ. ಒಂದೇ ಕೈ ಕೂತು ಬರೆದ ಹಾಗಿದೆ ಎಂದು ಅವರ ಮಾತು. ಮಾತ್ರೆಯ ಲೆಕ್ಕವಂತೂ ಒಂದು ಕಡೆಯೂ ತಪ್ಪಿಲ್ಲ. ಇಷ್ಟು ಚೊಕ್ಕಟವಾದ ಲೆಕ್ಕವನ್ನು ಅವರು ಎಲ್ಲಿಯೂ ಕಂಡಿಲ್ಲವಂತೆ.

ಆದ್ದರಿಂದ ಕೇಳಬೇಕಾಗಿದೆ. ಪ್ರತಿಯೊಬ್ಬರ ಬಿ.ಪಿ.ಯನ್ನು ತಾವೇ ಖುದ್ದಾಗಿ ನೋಡಿದ್ದೀರಾ? ಎಲ್ಲ ತಿಂಗಳೂ ಮನೆಗೆ ಹೋಗಿದ್ದೀರಾ? ದಯವಿಟ್ಟು ಲಿಖಿತ ಉತ್ತರ ಕಳಿಸಿ.

ಎಲ್ಲರಿಗೂ ಹೊಸ ಮಾತ್ರೆ ಕೊಡುವುದು ಸಾಧ್ಯವಿಲ್ಲ. ಹಾಗೆ ಮಾಡಿದರೆ ಹೋಲಿಸಲು ಏನೂ ಉಳಿಯುವುದಿಲ್ಲ. ಇದು ನಿಮಗೆ ಗೊತ್ತಿರುವ ವಿಷಯ.

ಡಾ. ತಿಯೋಂಗ್


ಮೆಲುವಾಂಗ್ ಹೊಳೆ ಕ್ಲಿನಿಕ್
5 ಜುಲೈ 2007

ಮಾನ್ಯರೇ,

ಪ್ರತಿಯೊಬ್ಬರ ಬಿ.ಪಿ.ಯನ್ನು ನಾನೇ ನೋಡಿದ್ದೇನೆ. ಎಲ್ಲ ತಿಂಗಳೂ ಹೋಗಿದ್ದೇನೆ. ಪೆಟ್ರೋಲಿನ ರಸೀದಿಗಳನ್ನು ಲಗತ್ತಿಸಿದೆ.

ನಮ್ಮ ತಾಯಿ, ಅಧ್ಯಯನದಲ್ಲಿ ಹೊಸ ಮಾತ್ರೆಯವರು, ಜೂನ್ ಕೊನೆಯಲ್ಲಿ ಮನೆಯ ಏಣಿಯಿಂದ ಜಾರಿ ಬಿದ್ದರು. ಕಪಿತ್‌ನಿಂದ ಒಯ್ದು ಸಿಬುವಿನ ದೊಡ್ಡ ಆಸ್ಪತ್ರೆಗೆ ಸೇರಿಸಿದೆ. ನಿಯಮದ ಪ್ರಕಾರ ತಿಳಿಸುತ್ತಿದ್ದೇನೆ.

ಗಾವಿಂಗ್ ಅನಾಕ್ ಬಲಾನ್


ಕುಚಿಂಗ್
16 ಜುಲೈ 2007

ಗಾವಿಂಗ್,

ತಾಯಿಯವರ ವಿಷಯ ಓದಿ ಬಹಳ ಸಂಕಟವಾಯಿತು. ಆದರೆ ಪತ್ರ ಕೈಗೆ ಬಂದ ದಿನವೇ ಸಿಬುವಿನಲ್ಲಿರುವ ನನ್ನ ಗೆಳತಿಗೆ ಫೋನ್ ಮಾಡಿದೆ. ಅವಳೇ ಅವರನ್ನು ನೋಡಿದ ಡಾಕ್ಟರು. ಏಣಿಯಿಂದ ಬಿದ್ದ ಪೆಟ್ಟು ಎಲ್ಲಿಯೂ ಇಲ್ಲವಂತೆ. ಲಕ್ವ. ಬಲಗೈ, ಬಲಗಾಲು, ಮಾತು ಮೂರೂ ಹೋಗಿವೆ.

ನೀವು ಸುಳ್ಳು ಅಂಕಿ ಕಟ್ಟಿದ್ದೀರಿ ಎಂದು ನಾನು ಅನುಮಾನಿಸಿದ್ದು ನಿಜ. ಅದು ತಪ್ಪಾಗಿದ್ದರೆ ಕ್ಷಮೆ ಕೇಳುತ್ತೇನೆ. ಆದರೆ ಏಣಿ ಎಂದು ಯಾಕೆ ಬರೆದಿರಿ? ಹೊಸ ಮಾತ್ರೆ ತೆಗೆದುಕೊಳ್ಳುತ್ತಿದ್ದವರಿಗೆ ಲಕ್ವ ಹೊಡೆದರೆ ಆ ಮಾತ್ರೆ ಕೆಟ್ಟದ್ದಿರಬಹುದು. ಬೇರೆ ಬಾಗಿಲುಗಳಲ್ಲಿ ಇವತ್ತು ಸಂಜೆಯೂ ಅದನ್ನೇ ನುಂಗುತ್ತಿದ್ದಾರೆ. ಏನಾಗಿದೆಯೋ ಹೇಳಿ. ಡಾಕ್ಟರಾಗಿ ಕೇಳುತ್ತಿಲ್ಲ, ಬೇಡಿಕೊಳ್ಳುತ್ತಿದ್ದೇನೆ.

ಸಿಯು ಪಿಂಗ್


ಮೆಲುವಾಂಗ್ ಹೊಳೆ ಕ್ಲಿನಿಕ್
30 ಜುಲೈ 2007

ಡಾಕ್ಟರಮ್ಮ,

ನಿಮ್ಮ ಮಾತ್ರೆ ಕೆಟ್ಟದ್ದಲ್ಲ. ಅಮ್ಮ ಅದನ್ನು ಸರಿಯಾಗಿ ನುಂಗಲೇ ಇಲ್ಲ.

ಮಾರ್ಚ್‌ನಲ್ಲಿ ಎಲ್ಲರೂ ಬೆರಳು ತಾಗಿಸಿ ಹೋದರೆಂದು ಬರೆದಿದ್ದೆನಲ್ಲ, ಅದು ಅಲ್ಲಿಗೇ ಮುಗಿಯಲಿಲ್ಲ. ಅಂದು ಸಂಜೆ ಅಮ್ಮ ಜಗಲಿಯಲ್ಲಿ ಕೂತು ಹೇಳಿದಳಂತೆ: "ಮುಟ್ಟಿ ಹೋಗೋದು ಹೊಟ್ಟೆ ತುಂಬಿದವ್ರಿಗೆ. ಪಕ್ಕದ ಬಾಗಿಲಿನವಳಿಗೂ ನಂದೇ ಕಾಯಿಲೆ. ಅವಳು ನೋಡ್ತಾ ಇರೋವಾಗ ಒಳ್ಳೇದನ್ನ ನಾನೊಬ್ಬಳೇ ನುಂಗಲಾ? ಹಂದಿ ಹೊಡೆದಾಗ ಹಂಗೆ ಮಾಡಿದ್ರೆ ನನ್ನನ್ನ ಈ ಮನೇಲಿ ಇಟ್ಕೊಳ್ತಿದ್ರಾ?" ಎಲ್ಲರೂ ತಲೆಯಾಡಿಸಿದರು. ಉಂತಿಂಗ್ ಅಜ್ಜನೂ ಸರಿ ಎಂದರು. ಮರುದಿನದಿಂದ ಹೊಸ ಮಾತ್ರೆಯವರು ಅರ್ಧ ಮುರಿದು ಕೊಟ್ಟರು, ಹಳೆ ಮಾತ್ರೆಯವರು ತಮ್ಮದರಲ್ಲಿ ಅರ್ಧ ಕೊಟ್ಟರು. ಎಲ್ಲರೂ ಅರ್ಧರ್ಧ ನುಂಗಿದರು. ನಿಮ್ಮ ಲೆಕ್ಕ ವಿಭಾಗದವರಿಗೆ ಒಂದೇ ಕೈ ಎಂದು ಕಂಡದ್ದು ಅದು.

ಎರಡನೆಯ ತಿಂಗಳು ಹೋದಾಗ ನನಗೆ ಗೊತ್ತಾಯಿತು. ಸುಮ್ಮನಿದ್ದೆ. ಬರೆದರೆ ನೀವು ನಿಲ್ಲಿಸುತ್ತೀರಿ, ನಿಲ್ಲಿಸಿದರೆ ದೊಡ್ಡ ಪರೀಕ್ಷೆ ಬರುವುದಿಲ್ಲ. ಅರ್ಧ ಮಾತ್ರೆ ಏನೂ ಇಲ್ಲದ್ದಕ್ಕಿಂತ ಮೇಲು ಎಂದುಕೊಂಡೆ. ಎಲ್ಲರಿಗೂ ಹೊಸದನ್ನೇ ಕೊಡಿ ಎಂದು ನಿಮ್ಮನ್ನು ಕೇಳಿದ್ದು ಅದಕ್ಕೇ.

ಆದರೆ ಅಮ್ಮನ ವಿಷಯ ನನಗೂ ಗೊತ್ತಿರಲಿಲ್ಲ, ಅವಳ ಬಿ.ಪಿ. ಇಳಿಯದಿದ್ದಾಗಲೂ ಹಬ್ಬದ ಓಡಾಟವೇ ಎಂದುಕೊಂಡಿದ್ದೆ. ಅವಳ ಎಡಗಡೆ ಬಾಗಿಲು ರಿನ್ಯಾ ಚಿಕ್ಕಮ್ಮನದು, ಬಲಗಡೆ ಉಂತಿಂಗ್ ಅಜ್ಜನದು. ಇಬ್ಬರಿಗೂ ಹಳೆಯ ಮಾತ್ರೆಯ ಚೀಟಿ ಬಂದಿತ್ತು. ಒಂದು ಸಣ್ಣ ಮಾತ್ರೆಯನ್ನು ಮೂರು ಪಾಲು ಮಾಡಲು ಅಮ್ಮನಿಗೆ ಬರಲಿಲ್ಲ. ಒಂದು ದಿನ ಎಡದವರಿಗೆ ಇಡೀ ಮಾತ್ರೆ, ಮರುದಿನ ಬಲದವರಿಗೆ, ಮೂರನೆಯ ದಿನ ತನಗೆ. ಅವರು ತಮ್ಮದನ್ನು ಕೊಡಲು ಬಂದರೆ ತೆಗೆದುಕೊಳ್ಳುತ್ತಿರಲಿಲ್ಲ. ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ರಿನ್ಯಾ ಚಿಕ್ಕಮ್ಮ ಅಳುತ್ತಾ ಹೇಳಿದಳು: "ನಾನು ಎಷ್ಟು ಸಲ ಕೊಡೋಕೆ ಹೋದೆ ಕಣಪ್ಪ. ಬೇಡ, ಹಳೇದನ್ನ ಮುಟ್ಟಬಾರ್ದು ಅಂತ ಡಾಕ್ಟರಮ್ಮ ಹೇಳಿದ್ದಾರೆ, ನನ್ನ ಮಗ ಹೆಬ್ಬೆಟ್ಟು ಒತ್ತಿಸ್ಕೊಂಡಿದ್ದಾನೆ ಅಂದ್ಲು."

ಹೀಗೆ ಅವಳು ನಿಮ್ಮ ಮಾತನ್ನೂ ಮೀರಲಿಲ್ಲ, ಮನೆಯ ಮಾತನ್ನೂ ಮೀರಲಿಲ್ಲ. ಎರಡು ದಿನ ಏನೂ ಇಲ್ಲ, ಮೂರನೆಯ ದಿನ ಒಂದು. ನಮ್ಮ ಅಧ್ಯಯನ ಇಲ್ಲದೆ ಹಳೆಯದನ್ನೇ ನುಂಗುತ್ತಿದ್ದರೆ ಇವತ್ತು ಅವಳು ಬಿದಿರು ಕಡಿಯಲು ಹೋಗಿರುತ್ತಿದ್ದಳು.

ಏಣಿ ಎಂದು ಬರೆದದ್ದು ಯಾಕೆ ಎಂದಿರಿ. ಇದನ್ನು ಓದಿದರೆ ಕುಚಿಂಗ್‌ನ ದೊಡ್ಡವರು ನಮ್ಮ ಬಗ್ಗೆ ಏನು ಹೇಳುತ್ತಾರೆಂದು ನನಗೆ ಗೊತ್ತು. ನೀವು ನನಗೆ ಹೇಳದೆ ಉಳಿಸಿದ ಮಾತುಗಳೇ ಅವು. ಈಗ ಏನು ಬೇಕೋ ಅದನ್ನು ಬರೆಯಿರಿ. ನನಗೆ ನಿಮ್ಮ ಮೇಲೆ ಕೋಪ ಇದೆ, ನನ್ನ ಮೇಲೆ ಅದಕ್ಕಿಂತ ಹೆಚ್ಚು ಇದೆ, ಅಮ್ಮನ ಮೇಲೂ ಇದೆ.

ಗಾವಿಂಗ್


ಕುಚಿಂಗ್
10 ಸೆಪ್ಟೆಂಬರ್ 2007

ಗಾವಿಂಗ್,

ಎಲ್ಲವನ್ನೂ ಬರೆದು ಸಮಿತಿಗೆ ಕೊಟ್ಟೆ. ಡಬ್ಬಿಯನ್ನು ಎಲ್ಲರ ಮುಂದೆ ಬಿಚ್ಚಿ ಎಂದದ್ದು ನಾನು, ಹಳೆಯದನ್ನು ಮುಟ್ಟಬಾರದು ಎಂದದ್ದೂ ನಾನು. ಅದನ್ನೂ ಬರೆದೆ. ಬೆರಳು ತಾಗಿಸಿದರೆಂದು ನೀವು ತಿಳಿಸಿದ್ದನ್ನು ಓದಿ ನಾನು ನಕ್ಕು ಮಡಚಿಟ್ಟಿದ್ದೆ. ಆಗಲೇ ಒಂದು ಪ್ರಶ್ನೆ ಕೇಳಿದ್ದರೆ ಸಾಕಿತ್ತು. ನಿಮಗೊಂದು ಎಚ್ಚರಿಕೆಯ ಪತ್ರ ಬರುತ್ತದೆ, ಕೆಲಸಕ್ಕೆ ತೊಂದರೆಯಿಲ್ಲ. ನನಗೂ ಒಂದು ಬಂದಿದೆ.

ಬಾಗಿಲಿಗೊಂದು ಚೀಟಿ ಬೇಡ, ಮನೆಗೊಂದು ಚೀಟಿ ಇರಲಿ, ಒಂದು ಉದ್ದಮನೆಯವರಿಗೆಲ್ಲ ಹೊಸದು, ಇನ್ನೊಂದಕ್ಕೆ ಹಳೆಯದು, ಹಾಗೆ ದೊಡ್ಡ ಪರೀಕ್ಷೆ ಮಾಡೋಣ ಎಂದು ವಾದಿಸಿದೆ. ಹಿರಿಯ ಸದಸ್ಯರೊಬ್ಬರು ಮೆತ್ತಗೆ ಕೇಳಿದರು: "ಹೊಳೆಯ ಒಂದು ಮನೆಯವ್ರು ಇನ್ನೊಂದು ಮನೆಯವ್ರಿಗೆ ನೆಂಟರಲ್ವಾ ಡಾಕ್ಟರ್, ಅವ್ರೂ ಹಂಚ್ಕೊಳ್ಳಲ್ವಾ?" ಹೌದು ಎನ್ನಬೇಕಾಯಿತು. "ಬಹಳ ಒಳ್ಳೇ ಜನ ಇವ್ರು. ಆದ್ರೆ ಪರೀಕ್ಷೆಗೆ ಒಗ್ಗೋ ಜನ ಅಲ್ಲ" ಎಂದರು. ಯಾರೂ ದನಿ ಏರಿಸಲಿಲ್ಲ. ಮೇಲ್ಹೊಳೆಯಲ್ಲಿ ಸಾಧ್ಯವಿಲ್ಲ ಎಂದು ಬರೆದು ಕಡತ ಮುಚ್ಚಿದರು. ದೊಡ್ಡ ಪರೀಕ್ಷೆ ಪೇಟೆಯ ಆಸ್ಪತ್ರೆಗಳಲ್ಲಿ ನಡೆಯುತ್ತದೆ.

ನಿಜ ಹೇಳಿದ್ದಕ್ಕೆ ನನಗೆ ಪಶ್ಚಾತ್ತಾಪವಿಲ್ಲ. ಆದರೆ ನಿಮಗೆ ಕೊಟ್ಟ ಮಾತು ಉಳಿಯಲಿಲ್ಲ ಎಂಬ ನೋವು ಇದೆ. ಅಮ್ಮ ಹೇಗಿದ್ದಾರೆ?

ಸಿಯು ಪಿಂಗ್


ಕುಚಿಂಗ್
18 ಡಿಸೆಂಬರ್ 2007

ಗಾವಿಂಗ್,

ಮೂರು ತಿಂಗಳಾಯಿತು, ಉತ್ತರವಿಲ್ಲ. ಬೈದಾದರೂ ಬರೆಯಿರಿ.

ಸಿಯು ಪಿಂಗ್


ಮೆಲುವಾಂಗ್ ಹೊಳೆ ಕ್ಲಿನಿಕ್
11 ಫೆಬ್ರವರಿ 2008

ಡಾಕ್ಟರಮ್ಮನವರಿಗೆ ವಂದನೆಗಳು.

ಅಮ್ಮ ಅಕ್ಟೋಬರ್‌ನಲ್ಲಿ ತೀರಿಕೊಂಡಳು. ಕೊನೆಯವರೆಗೂ ಮಾತು ಬರಲಿಲ್ಲ. ನಮ್ಮಲ್ಲಿ ಸೂತಕ ಇಡೀ ಮನೆಗೆ ಹಿಡಿಯುತ್ತದೆ. ಹಾಡಿಲ್ಲ, ಜಾಗಟೆಯಿಲ್ಲ, ಬಣ್ಣದ ಬಟ್ಟೆಯಿಲ್ಲ. ನಿಮ್ಮ ಪತ್ರಗಳು ಬಂದಿದ್ದವು. ಬೈಯುವಷ್ಟು ಶಕ್ತಿ ಇರಲಿಲ್ಲ, ಅದಕ್ಕೇ ಸುಮ್ಮನಿದ್ದೆ.

ಸೂತಕ ಬಿಡಿಸಿದ ದಿನ ಉಂತಿಂಗ್ ಅಜ್ಜ ಎಲ್ಲರನ್ನೂ ಜಗಲಿಗೆ ಕರೆದರು. ನಿಮ್ಮ ಸೆಪ್ಟೆಂಬರ್ ಪತ್ರವನ್ನು ಗಟ್ಟಿಯಾಗಿ ಓದು ಎಂದರು. ಓದಿದೆ. ಒಗ್ಗೋ ಜನ ಅಲ್ಲ ಎಂಬಲ್ಲಿಗೆ ಬಂದಾಗ ನನ್ನನ್ನು ನಿಲ್ಲಿಸಿ ಮತ್ತೊಮ್ಮೆ ಓದಿಸಿದರು. ಆಮೇಲೆ ಬಾಯಲ್ಲಿದ್ದ ಅಡಿಕೆ ಉಗುಳಿ ಬಂದು ಕೂತರು.

"ಗಾವಿಂಗನ ಅಮ್ಮ ಕೊಟ್ಟ ಮಾತ್ರೆ ನುಂಗಿ ನಾನು ಬದುಕಿದ್ದೀನಿ. ಅವಳ ಪಾಲು ನನ್ನ ಹೊಟ್ಟೇಲಿದೆ" ಎಂದರು. "ಆ ಪರೀಕ್ಷೆ ಈ ಹೊಳೆಗೆ ಬರ್ಲೇಬೇಕು. ನಮ್ಮಿಂದ ಆಗಲ್ಲ ಅಂದಿದ್ದಾರೆ. ಆಗ್ತದೆ ಅಂತ ಮಾಡಿ ತೋರಿಸೋಣ. ಅದಕ್ಕೆ ಸರ್ಕಾರದ ಅನುದಾನ ಯಾಕೆ ಬೇಕು?"

"ಮಾತ್ರೆನೇ ಇಲ್ಲವಲ್ಲಜ್ಜಾ, ಏನಿಟ್ಕೊಂಡು ಮಾಡೋದು?" ಎಂದೆ.

"ಕೊಡದೆ ಇರೋಕೆ ಅತೀ ಕಷ್ಟ ಆಗೋದು ಯಾವುದೋ ಅದನ್ನ ತಗೊಂಡು ಬಾ" ಎಂದರು.

ಕ್ಲಿನಿಕ್ಕಿನಲ್ಲಿ ಮಕ್ಕಳಿಗೆ ಕೊಡುವ ಕಿತ್ತಳೆ ಬಣ್ಣದ ವಿಟಮಿನ್ ಮಾತ್ರೆ ಇದೆಯಲ್ಲ, ಸಿಹಿ ಇರುವುದು, ಅದನ್ನು ಒಯ್ದೆ. ಚೀಟಿ ಎತ್ತಿದೆವು. ಒಂದು ತಿಂಗಳ ಕಾಲ ಅರ್ಧದಷ್ಟು ಬಾಗಿಲಿನ ಮಕ್ಕಳಿಗೆ ದಿನಕ್ಕೊಂದು ಸಿಹಿ ಮಾತ್ರೆ, ಉಳಿದ ಬಾಗಿಲಿನ ಮಕ್ಕಳಿಗೆ ಇಲ್ಲ. ಈ ಸಲ ಡಬ್ಬಿಯನ್ನು ಜಗಲಿಯಲ್ಲಿ ಬಿಚ್ಚಲಿಲ್ಲ. ಕಣ್ಣಿಗೆ ಬಿದ್ದರೆ ಕೊಡದೆ ಇರಲಾಗುವುದಿಲ್ಲ, ಅದಕ್ಕೆ ಬಾಗಿಲು ಹಾಕಿಕೊಂಡು ಕೊಡಬೇಕು ಎಂದು ತೀರ್ಮಾನವಾಯಿತು.

ಡಾಕ್ಟರಮ್ಮ, ನಮ್ಮಲ್ಲಿ ಮಲಗುವ ಹೊತ್ತಿನವರೆಗೆ ಯಾರೂ ಬಾಗಿಲು ಹಾಕುವುದಿಲ್ಲ. ಒಳಗೆ ಕಾಯಿಲೆಯಾದವರಿದ್ದರೂ ತೆರೆದೇ ಇರುತ್ತದೆ. ಈಗ ಪ್ರತಿ ಸಂಜೆ ಊಟಕ್ಕೆ ಮೊದಲು ಅರ್ಧ ಮನೆಯ ಬಾಗಿಲುಗಳು ಮುಚ್ಚುತ್ತಿದ್ದವು. ಮಾತ್ರೆ ಇಲ್ಲದ ಮಕ್ಕಳು ಜಗಲಿಯಲ್ಲಿ, ಮುಚ್ಚಿದ ಬಾಗಿಲಿನ ಎದುರು ಕೂತಿರುತ್ತಿದ್ದವು. ರಿನ್ಯಾ ಚಿಕ್ಕಮ್ಮನ ಬಾಗಿಲಿಗೆ ಮಾತ್ರೆ ಬಂದಿತ್ತು. ಎದುರಿಗೆ ಕೂತ ಮಗುವಿನ ಮುಖ ನೋಡಲಾರದೆ ಅವಳು ಎರಡು ಸಲ ನನ್ನ ಹತ್ತಿರ ಬಂದು, "ಒಂದೇ ಒಂದು ಕೊಟ್ಟುಬಿಡ್ಲಾ ಗಾವಿಂಗ್?" ಎಂದಳು. ನಾನು ಬೇಡ ಎಂದೆ. ಅವಳು ಹಿಂದಕ್ಕೆ ಹೋಗಿ ಬಾಗಿಲು ಹಾಕಿಕೊಂಡಳು.

ಮೊದಲು ಮಕ್ಕಳು ಅತ್ತವು. ಆಮೇಲೆ ಅಳುವುದನ್ನು ಬಿಟ್ಟವು. ಕೊನೆಕೊನೆಗೆ ಆ ಹೊತ್ತಿಗೆ ಜಗಲಿಗೆ ಬರುವುದನ್ನೇ ಬಿಟ್ಟವು. ಅತ್ತದ್ದನ್ನು ತಡೆದುಕೊಂಡಿದ್ದೆ, ಇದನ್ನು ತಡೆಯಲು ನನಗೆ ಕಷ್ಟವಾಯಿತು. ನಿನ್ನೆಗೆ ಅವಧಿ ಮುಗಿಯಿತು. ಆ ಮಾತ್ರೆ ತಿಂದರೆ ನಾಲಿಗೆಗೆ ಬಣ್ಣ ಹತ್ತುತ್ತದೆ. ಹೇಳದೆ ಕೇಳದೆ ಹೋಗಿ ಎಷ್ಟೋ ಸಂಜೆ ಮಕ್ಕಳ ನಾಲಿಗೆ ನೋಡಿದ್ದೇನೆ. ಮಾತ್ರೆಯ ಚೀಟಿ ಬಾರದ ಬಾಗಿಲಿನ ಒಂದು ಮಗುವಿನ ನಾಲಿಗೆಯಲ್ಲೂ ಬಣ್ಣ ಇರಲಿಲ್ಲ.

ವಿವರಗಳನ್ನೆಲ್ಲ ಇದರೊಂದಿಗೆ ಕಳಿಸಿದ್ದೇನೆ. ಎಲ್ಲ ಬಾಗಿಲಿನವರೂ ಹೆಬ್ಬೆಟ್ಟು ಒತ್ತಿದ್ದಾರೆ. ನಿಮ್ಮ ಸಮಿತಿಯ ಆ ಹಿರಿಯರಿಗೆ ತೋರಿಸಿ. ಅಮ್ಮ ಇದ್ದಿದ್ದರೆ ಇದಕ್ಕೆ ಒಪ್ಪುತ್ತಿರಲಿಲ್ಲ. ಆದರೂ ಬರೆಯಿರಿ, ಸಾಧ್ಯ ಎಂದು.

ಗಾವಿಂಗ್